ಹೆಣ್ಣಿನ ಹೆಸರಿರುವ ಹಾಡು

ಬೆಳಗಾಗುತ್ತಲೇ ಮ್ಜೀ ಒಡೇರಾರ ಧ್ವನಿ ಫೋನಿಗೆ ಬಂದು ಬೀಳುತ್ತಿತ್ತು. ಕಿಸುಮುವಿನಲ್ಲಿ ಹಳೆಯ ರೆಕಾರ್ಡು ಕೂಡಿಟ್ಟವರ ವಾಟ್ಸಾಪ್ ಗುಂಪಿಗೆ ಅವರೇ ಯಜಮಾನರು, ‘ಮ್ಜೀ’ ಎಂದರೆ ಹಿರಿಯರು. ಮೊದಲು ಒಂದು ಕೆಮ್ಮು, ಆಮೇಲೆ ಆ ದಿನದ ವಿಷಯ. ‘ಇವತ್ತು ಬಸ್ಸು’ ಎಂದರೆ ಎಲ್ಲರೂ ಬಸ್ಸಿನ ಹಾಡು ಹುಡುಕಬೇಕು. ‘ಇವತ್ತು ಸಾವು’ ಎಂದರೆ ಸಾವಿನ ಹಾಡು. ಒಬ್ಬರಿಗೆ ಒಂದೇ ರೆಕಾರ್ಡು ತಟ್ಟೆ. ಹಾಡುವ ಯಂತ್ರದ ಮುಳ್ಳು ತಟ್ಟೆಗೆ ಇಳಿಯುವುದು ವಿಡಿಯೋದಲ್ಲಿ ಕಾಣಬೇಕು, ತಟ್ಟೆಯ ನಡುವಿನ ಚೀಟಿ ಓದಲು ಬರಬೇಕು. ಕದ್ದ ವಿಡಿಯೋ ಹಾಕಿ ಸಿಕ್ಕಿಬಿದ್ದವನನ್ನು ವಾರಗಟ್ಟಲೆ ಹುರಿದು ತಿನ್ನುತ್ತಿದ್ದರು.

ಅಪೋಂಡಿ ಆ ಗುಂಪಿನಲ್ಲಿದ್ದಳು ಎನ್ನುವುದು ಅಲ್ಲಿದ್ದ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಅವಳು ಕಿಬುಯೆ ಸಂತೆಯಲ್ಲಿ ಒಗ್ವೆನೊ ಎಂಬವನ ರೆಕಾರ್ಡು ಅಂಗಡಿಯಲ್ಲಿ ಧೂಳು ಒರೆಸುವ ಕೆಲಸಕ್ಕಿದ್ದಳು. ಒಗ್ವೆನೊ ಯಾವುದೋ ಒಳ್ಳೆಯ ಮನಸ್ಸಿನಲ್ಲಿದ್ದ ದಿನ ಅವಳ ನಂಬರನ್ನೂ ಗುಂಪಿಗೆ ಸೇರಿಸಿದ್ದ. ಅವಳು ದಿನಾ ತಪ್ಪದೆ ಒಂದು ಹಾಡು ಹಾಕುತ್ತಿದ್ದಳು. ಒಬ್ಬರೂ ಒಂದು ಮಾತು ಬರೆಯುತ್ತಿರಲಿಲ್ಲ. ಬರೆದವನು ಒಬ್ಬನೇ, ಮಿನಿಬಸ್ಸು ಓಡಿಸುವ ಟೋಬಿಯಾಸ್. ಅದೂ ಒಂದೇ ಸಲ: ‘ಈ ಹುಡುಗಿ ಹಾಕೋ ರೆಕಾರ್ಡೂ ಅವಳ ಹಾಗೇ. ತಿರುಗುತ್ತೆ, ಬಾಯಿ ಮಾತ್ರ ಬಿಡಲ್ಲ.’ ಅದಕ್ಕೆ ಎಲ್ಲರೂ ನಕ್ಕಿದ್ದರು. ಅಪೋಂಡಿ ಆ ನಗುವಿನ ಚಿತ್ರಗಳನ್ನು ಎಣಿಸಿದ್ದಳು. ತನ್ನಿಂದ ಇಷ್ಟು ಜನ ನಕ್ಕರಲ್ಲ ಎಂದು ಅವಳಿಗೆ ಒಳಗೊಳಗೇ ಖುಷಿಯೂ ಆಗಿತ್ತು.

ಆ ಮಂಗಳವಾರ ಕೆಮ್ಮಿನ ಹಿಂದೆಯೇ ವಿಷಯ ಬಂತು: ‘ಇವತ್ತು ಹೆಣ್ಣಿನ ಹೆಸರು.’

ಅಂಗಡಿಯ ಹಿಂಬದಿಯಲ್ಲಿ, ಕವರಿಲ್ಲದ ಸಣ್ಣ ತಟ್ಟೆಗಳ ರಾಶಿಯಲ್ಲಿ, ಅವಳಿಗೆ ಅದು ಸಿಕ್ಕಿತು. ಚೀಟಿಯ ಮೇಲೆ ‘ಅವೂರ್, ಉಯೋಮದ ಮಗಳು’ ಎಂದಿತ್ತು. ಅವಳಿಗೆ ನಗು ಬಂತು, ಯಾಕೆಂದರೆ ಅವಳ ಅಮ್ಮನ ಹೆಸರೂ ಅವೂರ್, ಅಮ್ಮನೂ ಉಯೋಮದವಳು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ನಡುರಾತ್ರಿ ಹುಟ್ಟಿದ ಹೆಣ್ಣೆಲ್ಲ ಅವೂರ್, ಉಯೋಮದಲ್ಲಿ ಹುಟ್ಟಿದ ಹೆಣ್ಣೆಲ್ಲ ಉಯೋಮದ ಮಗಳು. ಸಂತೆಯ ನಡುವೆ ನಿಂತು ‘ಅವೂರ್’ ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ.

ಮುಳ್ಳು ಇಟ್ಟಳು. ಗಿಟಾರು ಕುಣಿಯಿತು. ಬೈಗುಳದ ಹಾಡು ಅದು. ಅವೂರ್ ಎಂಬವಳು ದೋಣಿಯವನ ಮಗಳಂತೆ, ಮದುವೆಗೆ ಗಂಡಿನ ಕಡೆಯವರು ಕೊಟ್ಟ ದನ ತಿಂದು ಓಡಿಹೋದಳಂತೆ, ಅವಳ ಹಾಸಿಗೆ ನಾರುತ್ತದಂತೆ, ಇನ್ನೊಬ್ಬರ ಬಲೆಯ ಮೀನು ಕದಿಯುವ ಕೈಯಂತೆ. ಅಪೋಂಡಿ ತಟ್ಟೆ ನೋಡುತ್ತ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಇಂಥ ಹಾಡಿಗೆ ನಗದವರು ಯಾರು? ಯಾವ ಕಾಲದ ಯಾವ ಅವೂರೋ. ಹಾಡಿನ ಕೊನೆಯಲ್ಲಿ ಹಾಡುಗಾರ ಒಬ್ಬ ದೊಡ್ಡ ಮನುಷ್ಯನನ್ನು ಹೊಗಳುತ್ತಿದ್ದ: ‘ಒಡೇರಾ, ಯಾಲಾ ನದಿಯ ಆನೆ, ನಿನ್ನ ಮುಂದೆ ಯಾರು ನಿಲ್ಲಬಲ್ಲರು?’

ಯಜಮಾನರದೇ ಹೆಸರು! ಅಮ್ಮನ ಹೆಸರೂ ಇದೆ, ಯಜಮಾನರ ಹೆಸರೂ ಇದೆ. ಇದಕ್ಕಿಂತ ಚೆನ್ನಾದ್ದು ಇನ್ನೆಲ್ಲಿ ಸಿಕ್ಕೀತು? ಫೋನನ್ನು ಡಬ್ಬಿಗೆ ಒರಗಿಸಿ, ಮತ್ತೆ ಮುಳ್ಳು ಇಳಿಸಿ, ವಿಡಿಯೋ ಕಳಿಸಿದಳು.

ಟೀ ಆರುವಷ್ಟರಲ್ಲಿ ಗುಂಪು ಹೊತ್ತಿಕೊಂಡಿತ್ತು. ‘ಇದು ಎಲ್ಲಿ ಸಿಕ್ತು?’ ‘ಭೂಮಿ ಮೇಲೆ ಇನ್ನೂ ಒಂದು ಉಳಿದಿದೆ ಅಂತ ನಂಬಕ್ಕಾಗ್ತಿಲ್ಲ!’ ಟೋಬಿಯಾಸ್ ಬರೆದ: ‘ಕಲ್ಲು ಬಾಯಿ ಬಿಡ್ತು ಕಣ್ರಪ್ಪಾ.’ ಆಮೇಲೆ ಮ್ಜೀ ಒಡೇರಾರೇ ಫೋನು ಮಾಡಿದರು.

“ಯಾರಮ್ಮಾ ನೀನು?”

“ಅಪೋಂಡಿ, ಮ್ಜೀ. ಒಗ್ವೆನೊ ಅಂಗಡೀಲಿ...”

“ನಿನ್ನ ಕಿವಿಗೆ ಚಿನ್ನದ ಓಲೆ ಹಾಕ್ಬೇಕು ಮಗಳೇ. ನಾನು ಈ ತಟ್ಟೆ ಹುಡುಕಿ ಮುದುಕನಾದೆ. ಶನಿವಾರ ನಾವೆಲ್ಲ ಸೇರೋ ಬಾರಿಗೆ ಬಾ. ನಮ್ಮ ಮೇಜಿನಲ್ಲಿ, ಯಂತ್ರದ ಪಕ್ಕದಲ್ಲೇ ನಿನ್ನ ಕುರ್ಚಿ. ಮುಳ್ಳು ನೀನೇ ಇಡ್ಬೇಕು.”

ಆ ಮೇಜಿನಲ್ಲಿ ಯಾವ ಹೆಂಗಸೂ ಕೂತದ್ದಿರಲಿಲ್ಲ. ಅಪೋಂಡಿ ಆ ಸಂಜೆ ಒಂದು ಗಾಡಿ ಬಿಟ್ಟು ಇನ್ನೊಂದು ಗಾಡಿ ಹತ್ತಿದಳು, ಅಷ್ಟು ಮೈಮರೆತಿದ್ದಳು.

ಅವಳ ಅಮ್ಮ ಡುಂಗಾದ ಕಡೆ, ಕಡಲಿನಂಥ ದೊಡ್ಡ ಸರೋವರದ ದಂಡೆಯಲ್ಲಿ ಮೀನು ಕರಿದು ಮಾರುತ್ತಿದ್ದಳು; ಒಮ್ಮೊಮ್ಮೆ ತಟ್ಟೆ ಹೊತ್ತು ಬಾರುಗಳಿಗೂ ಹೋಗುತ್ತಿದ್ದಳು. ಎಲ್ಲರೂ ಅವಳನ್ನು ‘ಅಪೋಂಡಿಯ ಅಮ್ಮ’ ಎಂದೇ ಕರೆಯುವುದು. ಗುರುವಾರ ಅಪೋಂಡಿ ಮನೆಗೆ ಬಂದಾಗ ಒಲೆ ಹೊತ್ತಿರಲಿಲ್ಲ. ಮಾರದೆ ಉಳಿದ ಮೀನು ಬುಟ್ಟಿಯಲ್ಲಿ ಹಾಗೇ ನಾರುತ್ತಿತ್ತು. ಅಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು.

“ಏನಾಯ್ತಮ್ಮಾ? ಮೈ ಹುಷಾರಿಲ್ವಾ?”

“ಆ ಮಿನಿಬಸ್ಸು, ಆ ಟೋಬಿಯಾಸಂದು. ನನ್ನ ಬಾಣಲೆ ಮುಂದೇನೇ ನಿಲ್ಲಿಸ್ಕೊಂಡು ಒಂದು ಹಾಡು ಹಾಕ್ದ. ಜನ ಬಸ್ಸೊಳಗೇ ಕುಣಿದ್ರು.”

“ಯಾವ ಹಾಡು?” ಎಂದು ಕೇಳಿದಳು ಅಪೋಂಡಿ.

“ನನ್ನದು.” ಅಮ್ಮ ಅವಳ ಮುಖ ನೋಡಲಿಲ್ಲ. “ನಿನಗೆ ಹೇಳಿಲ್ಲ ನಾನು. ನನ್ನಪ್ಪ ದೋಣಿ ನಡೆಸೋನು. ಒಡೇರಾ ಅಂತ ಒಬ್ಬ ನನ್ನ ಕೇಳ್ದ. ಅವನ ದನ ನಮ್ಮ ಕೊಟ್ಟಿಗೆಗೆ ಬಂದೂ ಆಗಿತ್ತು. ನಾನು ಒಲ್ಲೆ ಅಂದೆ. ಯಾರೂ ಕೇಳ್ಲಿಲ್ಲ, ಓಡಿದೆ. ಅಪ್ಪ ದನ ಎಲ್ಲಾ ತಿರುಗಿ ಹೊಡೆದು ಕೊಟ್ಟ, ಒಂದು ಕರು ಕೂಡ ಇಟ್ಕೊಳ್ಲಿಲ್ಲ. ಅಷ್ಟಕ್ಕೇ ಬಿಡಬಹುದಿತ್ತಲ್ಲ ಅವ್ನು? ಹಾಡುಗಾರನಿಗೆ ಒಂದು ಹೋರಿ ಕೊಟ್ಟು ನನ್ನ ಮೇಲೆ ಹಾಡು ಕಟ್ಟಿಸ್ದ.”

ಅಪೋಂಡಿ ಗೋಡೆಗೆ ಒರಗಿದಳು.

“ನಾನು ಯಾವ ಊರಿಗೆ ಹೋದ್ರೂ ಆ ಹಾಡು ನನಗಿಂತ ಮುಂಚೆ ಹೋಗಿ ಕೂತಿರ್ತಿತ್ತು. ಕೈ ಹಿಡಿಯಕ್ಕೆ ಬಂದೋನೂ ಅದನ್ನ ಕೇಳಿ ವಾಪಸ್ ಹೋದ. ನಿನಗೆ ಅಪ್ಪ ಯಾಕಿಲ್ಲ ಅಂತ ಕೇಳ್ತಿದ್ಯಲ್ಲ, ಅದಕ್ಕೇ ಇಲ್ಲ. ನನ್ನಪ್ಪ ಸತ್ತಾಗ ಮಣ್ಣಿಗೆ ಹೋದೆ. ಅಲ್ಲೂ ಯಾವನೋ ಅದನ್ನೇ ಹಾಕ್ದ. ಬೇಲಿ ಹತ್ರದಿಂದಾನೇ ತಿರುಗಿ ಬಂದೆ.”

ಅವಳು ಎದ್ದು ಬುಟ್ಟಿಯ ಮೀನನ್ನು ಹೊರಗೆ ಸುರಿದು ಬಂದಳು. ನಾಯಿಗಳು ಕಿತ್ತಾಡುವ ಸದ್ದು ಕೇಳಿಸಿತು.

“ಸತ್ತಿತ್ತು ಅದು, ಮಗಾ. ರೆಕಾರ್ಡೆಲ್ಲ ಹಾಳಾದ್ವು, ಕೇಳೋ ಮುದುಕರೆಲ್ಲ ಸತ್ರು ಅಂದ್ಕೊಂಡಿದ್ದೆ. ಯಾರೋ ಅಗೆದು ತೆಗ್ದಿದಾರೆ. ಒಡೇರಾನ ಮೇಲೆ ನನಗೀಗ ಸಿಟ್ಟಿಲ್ಲ, ಅವನು ಮಾಡೋದನ್ನ ಆಗಲೇ ಮಾಡಿ ಮುಗಿಸಿದ. ಈ ತೆಗೆದೋರು ಯಾರು ಅಂತ ನನಗೆ ಗೊತ್ತಾಗ್ಬೇಕು. ಅವರ ಮುಖ ನೋಡ್ಬೇಕು. ನೀನು ಆ ಅಂಗಡೀಲೇ ಇರ್ತೀಯಲ್ಲ, ಕೇಳ್ಕೊಂಡು ಬಂದು ಹೇಳು.”

“ಕೇಳ್ತೀನಮ್ಮ” ಎಂದಳು ಅಪೋಂಡಿ.

ಶುಕ್ರವಾರ ಅವಳು ಗುಂಪಿನಿಂದ ತನ್ನ ವಿಡಿಯೋ ಅಳಿಸಿದಳು. ಏನು ಪ್ರಯೋಜನ? ಅದು ಆಗಲೇ ಎಲ್ಲರ ಫೋನಿನಲ್ಲೂ ಇತ್ತು. ತಟ್ಟೆಯನ್ನಾದರೂ ಬಚ್ಚಿಡೋಣ ಎಂದು ನೋಡಿದರೆ ಒಗ್ವೆನೊ ಅದನ್ನು ಒಡೇರಾರ ಕೈಗೆ ಕೊಟ್ಟು ಬಂದಿದ್ದ. ಸಂಜೆ ಅಮ್ಮ ಕೇಳಿದಾಗ, “ಯಾರಿಗೂ ಗೊತ್ತಿಲ್ವಂತೆ” ಎಂದಳು. ಅಮ್ಮ ಅವಳ ತಟ್ಟೆಗೆ ದೊಡ್ಡ ಮೀನಿನ ತುಂಡು ಬಡಿಸಿ, “ಪಾಪ, ನೀನೇನು ಮಾಡ್ತೀಯ” ಎಂದಳು. ಅಪೋಂಡಿ ಅದನ್ನು ಮುಳ್ಳಿನ ಸಮೇತ ನುಂಗಿದಳು.

ಒಂದೇ ದಾರಿ ಉಳಿದಿತ್ತು. ಶನಿವಾರ ಯಂತ್ರದ ಪಕ್ಕದ ಕುರ್ಚಿ ಅವಳದೇ. ಮುಳ್ಳನ್ನು ತಟ್ಟೆಯ ಮೇಲೆ ಅಡ್ಡಡ್ಡ ಎಳೆದುಬಿಟ್ಟರೆ ಆಯಿತು. ಗೀರು ಬಿದ್ದ ರೆಕಾರ್ಡು ಸತ್ತ ಹಾಗೆ. ಕೈ ನಡುಗಿತು ಎಂದರೆ ಯಾರೂ ಅನುಮಾನ ಪಡುವುದಿಲ್ಲ. ಉಳಿದ ವಿಡಿಯೋಗಳು ನಾಲ್ಕು ದಿನ ಓಡಾಡಿ, ಹೊಸ ವಿಷಯ ಬಂದ ಮೇಲೆ ತಾವೇ ಮುಚ್ಚಿಹೋಗುತ್ತವೆ. ಅಮ್ಮನಿಗೆ ಅಂಗಡಿಯಲ್ಲಿ ಕೆಲಸವಿದೆ ಎಂದು ಹೇಳಿ ಹೊರಟಳು.

ಬಾರಿನಲ್ಲಿ ಮಧ್ಯಾಹ್ನದ ಬಿಸಿಲು ಬಾಗಿಲ ತನಕ ಬಂದಿತ್ತು. ಒಗ್ವೆನೊ ಅಂಗಡಿ ಬಿಟ್ಟು ಬಂದಿರಲಿಲ್ಲ, ಉಳಿದವರೆಲ್ಲ ಇದ್ದರು. ಒಡೇರಾ ಎದ್ದು ನಿಂತು ಅವಳಿಗೆ ಕುರ್ಚಿ ಎಳೆದುಕೊಟ್ಟರು. ಒಂದು ಸೋಡಾ ಬಂತು. ಅವಳು ಮುಳ್ಳು ಎತ್ತಿದಳು. ಈಗಲೇ, ಎಂದುಕೊಂಡಳು. ಅಷ್ಟರಲ್ಲಿ ಒಡೇರಾ ಅವಳ ತಲೆ ಮುಟ್ಟಿ, “ನೋಡ್ರೋ, ಇಷ್ಟು ವರ್ಷ ನೀವೆಲ್ಲ ಕಸ ಕೆದಕ್ತಾ ಇದ್ರಿ. ಕಿವಿ ಅಂದ್ರೆ ಇದು” ಎಂದರು. ಗಂಡಸರೆಲ್ಲ ಮೇಜು ಬಡಿದರು. ಒಂದು ಸಲ ಕೇಳಲಿ, ಆಮೇಲೆ ಎಳೆದರಾಯಿತು ಎಂದುಕೊಂಡು ಅವಳು ಮುಳ್ಳನ್ನು ಮೆತ್ತಗೆ ಇಳಿಸಿದಳು.

ಆ ಮೇಜಿನಲ್ಲಿ ಹಾಡು ನೇರವಾಗಿ ಮುಗಿಯುವುದೇ ಇಲ್ಲ. ಯಾರಾದರೂ ಕೈ ಎತ್ತಿದರೆ ಮುಳ್ಳು ಎತ್ತಲೇಬೇಕು. ಎತ್ತಿಸಿದವನು ಎದ್ದು ನಿಂತು, ತಾನು ಯಾರು, ಯಾರ ಮಗ, ಯಾವ ಊರಿನ ಹುಲಿ ಎಂದು ಹೊಗಳಿಕೊಳ್ಳಬೇಕು. ಅವನ ಮಾತು ಮುಗಿಯುವ ತನಕ ಯಾರೂ ಉಸಿರೆತ್ತುವ ಹಾಗಿಲ್ಲ. ಮುಗಿದ ಮೇಲೆ ಹಾಡು ಮತ್ತೆ ಮೊದಲಿನಿಂದ.

ಟೋಬಿಯಾಸ್ ಕೈ ಎತ್ತಿದ. “ನಾನು ಟೋಬಿಯಾಸ್, ಬ್ರೇಕಿಲ್ಲದ ಗಾಡಿ ಓಡಿಸೋ ಗಂಡು, ಅತ್ತೆಮನೆಯೋರು ನನ್ನ ಕಂಡ್ರೆ ಕೋಳಿ ಬಚ್ಚಿಡ್ತಾರೆ!” ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಾಡು ಮತ್ತೆ ಮೊದಲಿನಿಂದ.

“ಮ್ಜೀ, ನಿಜವಾಗ್ಲೂ ಇದ್ಲಾ ಅವಳು?” ಎಂದು ಯಾರೋ ಕೇಳಿದರು.

“ಇದ್ದಳಪ್ಪಾ. ನನ್ನ ಬೇಡ ಅಂದ ಮೊದಲ್ನೇ ಹೆಣ್ಣು, ಕೊನೇದೂ ಅವಳೇ. ಇದಾದ್ಮೇಲೆ ಯಾರಿಗೂ ಧೈರ್ಯ ಬರ್ಲಿಲ್ಲ.” ಅವರು ಅಪೋಂಡಿಯ ಕಡೆ ಬಗ್ಗಿದರು. “ನೀನು ನಗಲ್ವೇ ಮಗಳೇ?”

ಅಪೋಂಡಿ ನಕ್ಕಳು. ನಗುತ್ತಲೇ ತಲೆ ಎತ್ತಿದಾಗ ಬಾಗಿಲಲ್ಲಿ ಒಂದು ಮೀನಿನ ತಟ್ಟೆ ಕಂಡಿತು, ಅದರ ಕೆಳಗೆ ಅಮ್ಮನ ಮುಖ.

ಅಮ್ಮ ಅವಳನ್ನು ಇನ್ನೂ ನೋಡಿರಲಿಲ್ಲ. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆಲ್ಲ ಕತ್ತಲು. ಒಂದು ಕೈಯಲ್ಲಿ ತಲೆಯ ಮೇಲಿನ ತಟ್ಟೆ ಹಿಡಿದುಕೊಂಡು, ಇನ್ನೊಂದು ಕೈಯನ್ನು ಮೇಲೆತ್ತಿದಳು.

“ಓಹೋ, ಮೀನಿನ ಅಜ್ಜಿಗೂ ಹೊಗಳಿಕೆ ಬೇಕಂತೆ!” ಎಂದ ಟೋಬಿಯಾಸ್. “ಎತ್ತು ಮುಳ್ಳು, ಎತ್ತು. ಕೇಳೋಣ.”

ಅಪೋಂಡಿಯ ಕೈ ತಾನಾಗಿ ಮುಳ್ಳು ಎತ್ತಿತು.

“ನಾನು ಅವೂರ್” ಎಂದಳು ಅಮ್ಮ. ಧ್ವನಿ ದೊಡ್ಡದಿರಲಿಲ್ಲ. “ದೋಣಿಯವನ ಮಗಳು. ಉಯೋಮದವಳು. ಈ ಹಾಡಿನವಳು.”

ಒಡೇರಾ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖದಲ್ಲಿ ನಗು ಹರಡಿತು.

“ಅಯ್ಯೋ ಅವೂರ್! ಮುಂದಿನ ಹಲ್ಲೆಲ್ಲಿ ಹೋಯ್ತು? ಬಚಾವಾದೆ ಕಣ್ರೋ ನಾನು. ಇದನ್ನ ಕಟ್ಕೊಂಡಿದ್ರೆ ಇವತ್ತು ನನ್ನ ಮಂಚದ ಮೇಲೆ ಇದಿರ್ತಿತ್ತು!”

ಕೆಲವರು ನಕ್ಕರು, ಕೆಲವರು ಲೋಟ ನೋಡಿಕೊಂಡರು.

“ನನ್ನ ಮಾತು ಇನ್ನೂ ಮುಗಿದಿಲ್ಲ” ಎಂದಳು ಅಮ್ಮ. “ನಿಮ್ಮ ರೂಢಿಯಲ್ಲಿ ಮುಗಿಯೋ ತನಕ ಕೇಳ್ಬೇಕಲ್ವಾ? ನನಗೆ ಒಂದೇ ಗೊತ್ತಾಗ್ಬೇಕು. ಈ ತಟ್ಟೆ ತೆಗೆದೋರು ಯಾರು?”

“ಅಷ್ಟೇನಾ?” ಒಡೇರಾ ಅಪೋಂಡಿಯ ಭುಜದ ಮೇಲೆ ಕೈ ಹಾಕಿ, ಅವಳನ್ನು ಬೆಳಕಿನ ಕಡೆಗೆ ತಿರುಗಿಸಿದರು. “ಈ ಮಗು. ನಮ್ಮ ಗುಂಪಿನ ಕಿವಿ ಇವಳು.”

ಅಷ್ಟು ಹೊತ್ತಿಗೆ ಅಮ್ಮನ ಕಣ್ಣು ಒಳಗಿನ ಕತ್ತಲಿಗೆ ಹೊಂದಿಕೊಂಡಿತ್ತು. ಅವಳು ಅಪೋಂಡಿಯನ್ನು ನೋಡಿದಳು, ಅವಳ ಭುಜದ ಮೇಲಿದ್ದ ಕೈಯನ್ನು ನೋಡಿದಳು, ಅರ್ಧ ಕುಡಿದ ಸೋಡಾವನ್ನು ನೋಡಿದಳು. ತಲೆಯ ಮೇಲಿನ ತಟ್ಟೆ ಒಂದಿಷ್ಟೂ ಅಲುಗಲಿಲ್ಲ.

“ಯಾರ ಮಗಳು ಇವಳು?” ಎಂದು ಕೇಳಿದಳು.

“ಹೇಳಮ್ಮಾ” ಎಂದರು ಒಡೇರಾ. “ಎದ್ದು ನಿಂತು ಹೇಳು. ಯಾರ ಮಗಳು ನೀನು?”

ಅಪೋಂಡಿ ಎದ್ದು ನಿಂತಳು. ಮೇಜಿನ ಸುತ್ತ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಇಷ್ಟು ಜನ ಒಟ್ಟಿಗೆ ಅವಳ ಬಾಯಿಯಿಂದ ಒಂದು ಮಾತು ಬರಲಿ ಎಂದು ಹಿಂದೆಂದೂ ಕಾದದ್ದಿರಲಿಲ್ಲ. ಒಡೇರಾರ ಕೈ ಇನ್ನೂ ಭುಜದ ಮೇಲೇ ಇತ್ತು, ಬೆಚ್ಚಗೆ. ಅವಳು ಯಾರ ಹೆಸರನ್ನೂ ಹೇಳದೆ ಕೂತುಬಿಟ್ಟಳು.

“ಅವಳಿಗೇ ಗೊತ್ತಿಲ್ಲ ಅಂದ್ರೆ ಬಿಡಿ” ಎಂದಳು ಅಮ್ಮ. “ಯಾರೂ ಇಲ್ಲದವಳಿರಬೇಕು. ನನ್ನ ಮಾತು ಮುಗೀತು.”

“ಮೊದಲಿಂದ!” ಎಂದು ಟೋಬಿಯಾಸ್ ಮೇಜು ಬಡಿದ. “ರೂಢಿ ಅಂದ್ರೆ ರೂಢಿ. ಹಾಕಮ್ಮಾ, ಮೊದಲಿಂದ.”

ಮುಳ್ಳು ಅಪೋಂಡಿಯ ಬೆರಳ ಕೆಳಗಿತ್ತು. ಅಡ್ಡ ಎಳೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಬೆರಳನ್ನು ಒಂದಿಷ್ಟು ಸರಿಸಿದರೆ ಸಾಕಿತ್ತು. ಅವಳು ಅದನ್ನು ತಟ್ಟೆಯ ಅಂಚಿನಲ್ಲಿ, ಎಂದಿನ ಹಾಗೆ ಮೆತ್ತಗೆ, ಒಂದು ಸಣ್ಣ ಸದ್ದೂ ಆಗದ ಹಾಗೆ ಇಟ್ಟಳು. ಗಿಟಾರು ಕುಣಿಯಿತು.

ಅಮ್ಮ ಹೋಗಲಿಲ್ಲ. ತಲೆಯ ಮೇಲಿನ ತಟ್ಟೆ ಇಳಿಸಿ, ಮೇಜಿನಿಂದ ಮೇಜಿಗೆ ಮೀನು ಮಾರುತ್ತ ಬಂದಳು. ಹಾಡು ಅವಳ ಹಾಸಿಗೆಯ ವಾಸನೆಯನ್ನು ಹೇಳುತ್ತಿದ್ದಾಗ ಟೋಬಿಯಾಸ್ ಒಂದು ಮೀನು ಕೊಂಡ, ಒಡೇರಾ ಎರಡು ಕೊಂಡರು. ಅವಳು ಎಲ್ಲರಿಗೂ ಕಾಗದದಲ್ಲಿ ಸುತ್ತಿ, ಉಪ್ಪು ಖಾರ ಉದುರಿಸಿ ಕೊಟ್ಟಳು. ಕೊನೆಗೆ ಯಂತ್ರದ ಪಕ್ಕದ ಕುರ್ಚಿಯ ಮುಂದೆ ಬಂದು ನಿಂತಳು.

“ನಿಮಗೆ ಮೀನು ಬೇಕಾಮ್ಮಾ?” ಎಂದು ಕೇಳಿದಳು, ಯಾರೋ ಗಿರಾಕಿಯನ್ನು ಕೇಳುವ ಹಾಗೆ.