ಮಿರ್ಯಮವ್ವ ಹೊಲಿದ ಕೌದಿ

“ದೇವರಿಗೆ ಬ್ಯಾರೆ ಕೆಲಸ ಇಲ್ಲೇನ್ರೀ ಅತ್ತಿ, ನಮ್ಮ ನಳಕ್ಕ ನೀರು ಬಿಡಾಕ?”

ನಾನು ಹುಟ್ಟುತ್ತಲೇ ಕೇಳಿದ ಮೊದಲ ಮಾತು ಇದು. ಆಡಿದವಳು ಸುಲೋಚನಾ, ಹೊಸ ಸೊಸೆ. ಕೇಳಿಸಿಕೊಂಡು ಹಲ್ಲಿಲ್ಲದ ಬಾಯಲ್ಲಿ ನಕ್ಕವಳು ಅವಳ ಅತ್ತೆ ಮಿರ್ಯಮವ್ವ. ನಾನು ಆಗ ಅವಳ ತೊಡೆಯ ಮೇಲೆ ಅರ್ಧ ಹೊಲಿದು ಬಿದ್ದಿದ್ದೆ.

ನಾನು ಒಂದು ಕೌದಿ. ಬೆಟಗೇರಿಯ ನೇಕಾರರ ಓಣಿಯಲ್ಲಿ, ಮಗ್ಗದ ಸಪ್ಪಳದ ನಡುವೆ ಹುಟ್ಟಿದವನು. ಎರಡು ಹಳೆ ಇಳಕಲ್ ಸೀರೆ, ಒಂದು ಸವೆದ ಧೋತರ, ಮೇಲೆ ಬಣ್ಣಬಣ್ಣದ ತೇಪೆ, ಇಷ್ಟೇ ನನ್ನ ಮೈ. ಆದರೆ ಮಿರ್ಯಮವ್ವನಿಗೊಂದು ರೂಢಿಯಿತ್ತು. ಹೊಲಿಗೆಯ ಒಂದೊಂದು ಸಾಲಿಗೂ ದೇವರ ಹತ್ತಿರ ಒಂದೊಂದು ಕೇಳುವುದು. ಒಂದು ಸಾಲು ನಳದ ನೀರಿಗೆ. ಒಂದು ಸಾಲು ಮಗ ಜಯಶೀಲನ ಹಲ್ಲುನೋವಿಗೆ. ಎದುರುಮನೆಯವರ ಆಕಳು ಹಿಂಡಗೊಡುತ್ತಿರಲಿಲ್ಲ, ಅದಕ್ಕೂ ಒಂದು ಸಾಲು. ದಾರ ಮುಗಿದರೆ “ಸ್ವಾಮಿ, ತಡೀಪಾ ಸ್ವಲ್ಪ” ಎಂದು ಹೇಳಿ ಸೂಜಿ ಪೋಣಿಸುತ್ತಿದ್ದಳು. ಯಾರೋ ಎದುರಿಗೇ ಕುಳಿತಿದ್ದಾರೇನೋ ಅನ್ನಬೇಕು, ಹಾಗೆ.

“ಹಸಿದ ಕೂಸು ಅವ್ವನ ಸೆರಗು ಜಗ್ಗಾಕ ನಾಚ್ತೈತೇನ ಹುಚ್ಚಿ?” ಎಂದಳು ಸೊಸೆಗೆ. “ಸಣ್ಣದು ಕೇಳಾಕ ಬರದಾಕಿ ದೊಡ್ಡದು ಹೆಂಗ ಕೇಳ್ತಿ?”

ಸುಲೋಚನಾ ನಕ್ಕು ಒಳಗೆ ಹೋದಳು. ನಾಲ್ಕು ವರ್ಷ ಮಿರ್ಯಮವ್ವ ಪ್ರಾರ್ಥನೆಗೆ ನನ್ನ ಮೇಲೆಯೇ ಮೊಣಕಾಲೂರಿದಳು. ಆಮೇಲೆ ಒಂದು ಮುಂಜಾನೆ ಹಾಸಿಗೆಯಿಂದ ಏಳಲೇ ಇಲ್ಲ. ನನ್ನನ್ನು ಮಡಚಿ ಟ್ರಂಕಿನಲ್ಲಿಟ್ಟರು. ನುಸಿಗುಳಿಗೆಯ ವಾಸನೆಯಲ್ಲಿ ಬಹಳ ಕಾಲ ಮಲಗಿದ್ದೆ.

ಮತ್ತೆ ಬೆಳಕು ಕಂಡಾಗ ನನ್ನ ಮೇಲೆ ಒಂಬತ್ತು ವರ್ಷದ ಹುಡುಗಿಯಿದ್ದಳು. ಸುಲೋಚನಾಳ ಒಬ್ಬಳೇ ಮಗಳು, ಲುದಿಯಾ. ಮೂತ್ರಪಿಂಡದ ಬೇನೆ. ಮುಖ ಬಾತು, ಕಣ್ಣು ಗೆರೆಯಾಗಿದ್ದವು. ಕಾಲಂತೂ ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಆದರೂ ಬಾಯಿ ಮಾತ್ರ ಜೋರು. “ಯವ್ವಾ, ಈ ಕೌದಿ ಅಜ್ಜಿಗತೆ ನಾರ್ತೈತಿ” ಅನ್ನುತ್ತಿದ್ದಳು. ಹಾಗೆನ್ನುತ್ತಲೇ ಮೂಗಿನವರೆಗೂ ಹೊದ್ದುಕೊಳ್ಳುತ್ತಿದ್ದಳು.

ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ ಬರುವುದು, ಗುಳಿಗೆ, ಸೂಜಿ, ಉಪ್ಪಿಲ್ಲದ ಊಟ. ಸುಲೋಚನಾ ಈಗ ನನ್ನ ಅಂಚಿಗೇ ಮೊಣಕಾಲೂರಿ ಅಳುತ್ತ ದೇವರ ಹತ್ತಿರ ಮಗಳ ಗುಣ ಕೇಳುತ್ತಿದ್ದಳು. ಒಮ್ಮೆ ಊರಿಗೆ ಬಂದ ಬಂಧುವೊಬ್ಬಳು ಅವಳ ಕಿವಿಯಲ್ಲಿ ಒಂದು ಮಾತು ಹಾಕಿದಳು. ವಿಶ್ವಾಸವಿದ್ದವರು ಕೇಳುತ್ತ ಕೂಡುವುದಿಲ್ಲ, ಸಿಕ್ಕಿತೆಂದು ಮುಂಚೆಯೇ ಕೃತಜ್ಞತೆ ಸಲ್ಲಿಸುತ್ತಾರೆ, ಎಂದು.

ಆ ಭಾನುವಾರ ಲುದಿಯಾಳನ್ನು ನನ್ನಲ್ಲಿ ಸುತ್ತಿ ಚರ್ಚಿಗೆ ಎತ್ತಿಕೊಂಡು ಹೋದರು. ಅಲ್ಲಿ ಕೃತಜ್ಞತಾ ಕಾಣಿಕೆಯ ಜೊತೆ ಚೀಟಿ ಬರೆದು ಕೊಟ್ಟರೆ ಸಭಾಪಾಲಕರು ಓದಿ ಹೇಳುವ ಪದ್ಧತಿ. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು: “ನಮ್ಮ ಮಗಳು ಲುದಿಯಾಳನ್ನು ದೇವರು ಸಂಪೂರ್ಣ ಗುಣಪಡಿಸಿದ್ದಕ್ಕಾಗಿ.” ಅಪ್ಪ ಜಯಶೀಲ ಎಲ್ಲರಿಗಿಂತ ಗಟ್ಟಿಯಾಗಿ “ಆಮೆನ್” ಅಂದ. ನನ್ನೊಳಗಿದ್ದ ಹುಡುಗಿಗೆ ಮಾತ್ರ ಜ್ವರ ಸುಡುತ್ತಿತ್ತು.

ಅವತ್ತಿನಿಂದ ಸುಲೋಚನಾ ಕೇಳುವುದನ್ನು ನಿಲ್ಲಿಸಿದಳು. ಗುಳಿಗೆ ಕೊಟ್ಟಳು, ಡಾಕ್ಟರ ಹತ್ತಿರ ಕರೆದೊಯ್ದಳು, ಸೇವೆಯಲ್ಲಿ ಕೂದಲೆಳೆಯಷ್ಟೂ ಕಡಿಮೆ ಮಾಡಲಿಲ್ಲ. ಆದರೆ ಪ್ರಾರ್ಥನೆ ಮಾತ್ರ ಇಲ್ಲ. ಸಿಕ್ಕಿತೆಂದು ಸಭೆಯ ಮುಂದೆ ಹೇಳಿದ ಮೇಲೆ ಮತ್ತೆ ಕೇಳಿದರೆ ಅದು ಅಪನಂಬಿಕೆಯಾಗುತ್ತದೆ, ಆದ ಗುಣವೂ ಹಿಂದಕ್ಕೆ ಹೋಗುತ್ತದೆ ಎಂಬ ಭಯ ಅವಳಿಗೆ.

“ಯವ್ವಾ, ಕಾಲು ಉರೀತಾವ. ಪ್ರಾರ್ಥನಾ ಮಾಡು.”

“ಗುಣ ಆಗೇತಿ ಮಗಳ. ಆಗೇತಿ ಅನ್ನು.”

“ಆಗೇತಿ. ಆದ್ರ ಉರೀತಾವ ಯವ್ವಾ. ಬರೇ ಕಾಲಿಗಷ್ಟ ಮಾಡು.”

ಸುಲೋಚನಾ ತುಟಿ ಕಚ್ಚಿ ಕಾಲು ಒತ್ತಿದಳು. ಬಾಯಿ ಬಿಡಲಿಲ್ಲ. ನನ್ನ ಮೈಯಲ್ಲಿ ಹಲ್ಲುನೋವಿಗೆ ಹೊಲಿದ ಸಾಲಿತ್ತು, ಆಕಳಿಗೆ ಹೊಲಿದ ಸಾಲಿತ್ತು. ಕೌದಿಗೆ ಬಾಯಿಲ್ಲವಲ್ಲ, ಏನು ಮಾಡಲಿ?

ಹನ್ನೆರಡನೆಯ ದಿನ ಲುದಿಯಾ ಹೋದಳು.

ಮಣ್ಣು ಮಾಡಿ ಬಂದ ವಾರಕ್ಕೆ ಸಭಾಪಾಲಕರು ಮನೆಗೆ ಬಂದರು. ಸುಲೋಚನಾ ನನ್ನನ್ನು ಎದೆಗವುಚಿಕೊಂಡು ಗೋಡೆಗೆ ಒರಗಿದ್ದಳು.

“ಅಯ್ಯನವರ, ನಾ ಬರೆದ ಚೀಟಿ ಹೊಳ್ಳಿ ಕೊಡ್ರಿ. ದೇವರ ಮನ್ಯಾಗ ಸುಳ್ಳ ಬರದೇನಿ.”

“ಓದಿದಾಂವ ನಾನವ್ವಾ. ಕೂಸಿನ ಮಾರಿ ಕಂಡೂ ಓದೇನಿ. ನಾನರ ತಡೀಬೇಕಿತ್ತು.” ಮುದುಕರು ಕನ್ನಡಕ ತೆಗೆದರು. “ಪ್ರಾರ್ಥನಾ ಮಾಡ್ಲೇನು?”

“ಬ್ಯಾಡ್ರಿ.”

“ಹಂಗಾರ ಸುಮ್ನ ಕುಂದರತೇನಿ.”

ಕುಳಿತರು. ಇದು ದೇವರ ಚಿತ್ತ ಎನ್ನಲಿಲ್ಲ, ಯಾವ ವಚನವನ್ನೂ ಹೇಳಲಿಲ್ಲ. ಹೊತ್ತಾದ ಮೇಲೆ ಸುಲೋಚನಾಳೇ ಬಾಯಿಬಿಟ್ಟಳು. “ಅಕಿ ಪೂರಾ ಗುಣ ಕೇಳಿರಲಿಲ್ರೀ. ಕಾಲ ಉರಿ ಕಡಿಮಿ ಆಗ್ಲಿ ಅಂತ ಅಷ್ಟ ಕೇಳಿದ್ಲು. ಅಷ್ಟೂ ಕೇಳಲಿಲ್ಲ ನಾನು.”

“ಈಗ ಅದನ್ನ ದೇವರಿಗೆ ಹೇಳವ್ವಾ. ಸಿಟ್ಟಿದ್ರ ಸಿಟ್ಟಿಲೇ ಹೇಳು.”

ಅವರು ಹೋದ ಮೇಲೆ ಅವಳು ನನ್ನನ್ನು ನೆಲಕ್ಕೆ ಎಸೆದಳು. ಎಸೆದು, ನನ್ನ ಮೇಲೇ ಕುಸಿದಳು. ಆವತ್ತು ಅವಳು ದೇವರಿಗೆ ಅಂದದ್ದನ್ನು ನಾನು ಯಾರ ಮುಂದೂ ಹೇಳುವುದಿಲ್ಲ. ಬೈದು ಬೈದು ದನಿ ಹೋದ ಮೇಲೆ ಒಂದೇ ಒಂದು ಕೇಳಿದಳು: “ಸ್ವಾಮಿ, ಉಂಡು ಮೂರು ದಿನಾ ಆತು. ಒಂದು ತುತ್ತರ ಗಂಟಲದಾಗ ಇಳೀಲಿ.” ಎದ್ದು ಅರ್ಧ ರೊಟ್ಟಿ ತಿಂದಳು. ಬಹುಶಃ ಅದೇ ಅವಳ ಬಾಳಿನ ಮೊದಲ ಸಣ್ಣ ಪ್ರಾರ್ಥನೆ.

ಏಳು ವರ್ಷವಾಯಿತು. ನನ್ನ ಬಣ್ಣ ಹೋಗಿದೆ, ಅರಿವೆ ಜಾಳಾಗಿದೆ. ಹೊದೆಯಲು ಬಾರದವನೆಂದು ಅಡುಗೆಮನೆಯ ಮೂಲೆಗೆ ಹಾಸಿದ್ದಾರೆ; ಸುಲೋಚನಾ ಈಗ ದಿನಾ ಅಲ್ಲೇ ಪ್ರಾರ್ಥನೆಗೆ ಮೊಣಕಾಲೂರುತ್ತಾಳೆ. ಲುದಿಯಾ ಯಾಕೆ ಹೋದಳು ಎಂಬುದಕ್ಕೆ ಈ ಮನೆಗೆ ಉತ್ತರ ಸಿಕ್ಕಿಲ್ಲ. ಆದರೆ ಒಂದು ಮಾತು ನಾನು ಕೆಳಗೆ ಬಿದ್ದುಕೊಂಡೇ ಕಲಿತಿದ್ದೇನೆ. ಗಟ್ಟಿ ನಂಬಿಕೆಯವರ ಮೊಣಕಾಲೂ ನಡುಗುತ್ತದೆ. ನಡುಗುವ ಮೊಣಕಾಲನ್ನು ದೇವರು ಹಿಂದಕ್ಕೆ ಕಳಿಸಿದ್ದನ್ನು ನಾನು ಕಂಡಿಲ್ಲ. ಕೇಳಿರಿ, ತಾಯಂದಿರೇ. ಉರಿಯುವುದನ್ನು ಉರಿಯುತ್ತದೆ ಎಂದೇ ಹೇಳಿ ಕೇಳಿರಿ.

ಜಯಶೀಲ ಮಾತ್ರ ಆ “ಆಮೆನ್” ಆದ ಮೇಲೆ ಪ್ರಾರ್ಥನೆಗೆ ಬಾಯಿ ತೆರೆದವನಲ್ಲ. ಮಗಳ ಹೆಸರನ್ನೂ ಎತ್ತಿದವನಲ್ಲ. ಹೆಂಡತಿ ಮೊಣಕಾಲೂರಿದರೆ ಬಾಗಿಲ ಹೊರಗೆ ನಿಲ್ಲುತ್ತಾನೆ. ಇವತ್ತು ಬೆಳಿಗ್ಗೆ ಯಾಕೋ ಒಳಗೆ ಬಂದ.

“ಇವತ್ತೇನ ಕೇಳಿದಿ?”

“ಹಿಟ್ಟಿನ ಗಿರಣಿಯಾಕಿ ಮೊಮ್ಮಗನ ಕೆಮ್ಮಿಗೆ. ನನ್ನ ಸೊಂಟಕ್ಕ. ನಿಮಗ.”

“ನನಗೇನ?”

“ನೀವ ಹೇಳ್ರಿ.”

ಅವನು “ಲುದಿಯಾಳ ದನಿ ಮರತ ಹೊಂಟೇತಿ ನನಗ, ಸುಲೂ” ಅಂದ.

ಸುಲೋಚನಾ ಸ್ವಲ್ಪ ಆಚೆ ಸರಿದಳು. ಮಗ್ಗದ ಎಣ್ಣೆ ಮೆತ್ತಿದ ಎರಡು ಒರಟು ಮೊಣಕಾಲು ನನ್ನ ಮೇಲೆ ಊರಿದವು.