ಉರಿ ಎಂಬ ಎರಡಕ್ಷರ

ಮಡಿಕೆ ಬಿದ್ದಿದೆ, ಬೆಚ್ಚನೆಯ ನೀರಿನ ಮೇಲೆ ತೇಲುವ, ಯಾರದೋ ಮೈಯ ಚೂರಿರುವ ಮೇಣದ ಪೊರೆಯ ನಟ್ಟನಡುವೆ ಕೂದಲೆಳೆಯಷ್ಟು ಮಡಿಕೆ, ಕುಂಚದ ತುದಿಯಿಂದ ಸರಿಸಿದರೆ ಹರಿದೀತು, ಬಿಟ್ಟರೆ ಸ್ಲೈಡಿನ ಮೇಲೂ ಮಡಿಕೆಯಾಗಿಯೇ ಕೂರುತ್ತದೆ, ಏನ್ ತಾಯೀ ಮೂರು ವಾರಕ್ಕೇ ಕೈ ತುಕ್ಕು ಹಿಡೀತಾ, ಪಕ್ಕದ ಕೊಯ್ಯುವ ಯಂತ್ರದಿಂದ ಕತ್ತರಿಯಣ್ಣ ನಕ್ಕ, ನಕ್ಕವನು ನಾಲಿಗೆ ಕಚ್ಚಿಕೊಂಡ, ರಜೆ ಯಾಕೆಂದು ಈ ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತು, ಗೊತ್ತಿಲ್ಲದೆ ಏನು, ಐದು ತಿಂಗಳ ಮಗು ಹೊಟ್ಟೆಯಲ್ಲೇ ಹೋದ ಮೇಲೆ ನನ್ನ ಮಾಸು ಡಬ್ಬಿಯೊಳಗೆ ಬಂದದ್ದು ಇಲ್ಲಿಗೇ, ಅದನ್ನು ಮೇಣದಲ್ಲಿ ಕೂರಿಸಿ ಪೊರೆಪೊರೆಯಾಗಿ ಕೊಯ್ದವನು ಇವನೇ, ಅಷ್ಟು ನಯವಾಗಿ ಯಾರದ್ದನ್ನೂ ಕೊಯ್ದಿಲ್ಲ ಕಣಮ್ಮ ಅಂದಿದ್ದ, ಸಮಾಧಾನ ಹೇಳಲು ಅವನ ಬಳಿ ಇದ್ದದ್ದು ಅಷ್ಟೇ — ರಿಪೋರ್ಟು ತರಲು ಬಂದ ದಿನ ಡಾಕ್ಟರ್ ಮೇಡಂ ಸೂಕ್ಷ್ಮದರ್ಶಕದ ಮುಂದಿನ ಕುರ್ಚಿ ಬಿಟ್ಟುಕೊಟ್ಟರು, ನೋಡ್ತೀಯಾ, ಬೇಡ ಅಂದ್ರೆ ಬೇಡ, ನೋಡಿದೆ, ನೇರಳೆ ಚುಕ್ಕೆಗಳು, ಒಂದೇ ಬಾಗಿಲಿಗೆ ಮುಗಿಬಿದ್ದ ಜನದ ಹಾಗೆ ಒತ್ತೊತ್ತಾಗಿ, ಇವು ನಿನ್ನವೇ ಬಿಳಿ ಕಣಗಳು ಕಣೇ, ಸೋಂಕಾದ್ರೆ ಕಾಯೋಕೆ ಬರೋವು, ಸೋಂಕೇನೂ ಸಿಕ್ಕಿಲ್ಲ, ಆದ್ರೂ ಬಂದಿವೆ, ಮಗೂಗೆ ನಿನ್ನ ರಕ್ತ ಮುಟ್ಟೋ ಜಾಗದ ತುಂಬಾ, ಉರಿಯೂತ, ಮೊದಮೊದಲು ಸ್ವಲ್ಪ ಬೇಕು, ಭ್ರೂಣ ಗರ್ಭದ ಗೋಡೆ ಹಿಡಿಯೋದೇ ಆ ಉರಿಯಿಂದ, ಆಮೇಲೆ ಆರ್ಬೇಕು, ನಿನ್ನಲ್ಲಿ ಆರಿಲ್ಲ, ಯಾಕೆ ಅಂತ ಕೇಳ್ಬೇಡ, ನಂಗೂ ಪೂರ್ತಿ ಗೊತ್ತಿಲ್ಲ, ನಿನ್ನ ತಪ್ಪಂತೂ ಅಲ್ಲ — ತಪ್ಪಲ್ಲ, ಸರಿ, ಹಾಗಾದರೆ ಯಾರದು, ತಪ್ಪಿಗೆ ಒಂದು ಮುಖ ಬೇಡವೇ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅದನ್ನೇ ಕೇಳಿಕೊಂಡು ಬಂದೆ, ಕಾಯಲು ಬಂದವರು ಕಾದರು, ಯಾರಿಂದ, ನನ್ನನ್ನೇ ನನ್ನ ಮಗುವಿನಿಂದಲೇ.

ಫೋನು ಮಿಡಿಯುತ್ತಿದೆ ಏಪ್ರನ್ನಿನ ಜೇಬಿನಲ್ಲಿ, ಗ್ಲೌಸ್ ಕಳಚಬೇಕು, ಕಳಚಿದೆ, ಗಂಡ, ಅತ್ತಿಗೆ ಹೊರಟ್ರು ಕಣೇ, ಗಾಡಿ ಬಂದು ನಿಂತಿದೆ, ತವರಿಗೆ, ಅಣ್ಣ ಕಾಲು ಹಿಡಿಯೋದೊಂದು ಬಾಕಿ, ಇನ್ನು ಈ ಮನೆಗೆ ಬರಲ್ವಂತೆ, ನೀನೇನಾದ್ರೂ ಹೇಳ್ತೀಯಾ — ನಾನೇ ಹೇಳಬೇಕು, ನನಗಲ್ಲದೆ ಯಾರಿಗೆ ಬರುತ್ತದೆ ಆ ಮಾತು, ದಿನಕ್ಕೆ ಇಪ್ಪತ್ತು ಸಲ ಬರೆಯುವ ಪದ, ಗಂಟಲಿನ ಉರಿಯೂತ, ಕರುಳಿನ ಉರಿಯೂತ, ಒಸಡಿನ ಉರಿಯೂತ, ಅವತ್ತು ಮನೆಯಲ್ಲಿ ಮಾತ್ರ ಬಾಯಿಗೆ ಬೀಗ, ರಿಪೋರ್ಟು ತಂದ ಸಂಜೆ ಮೈ ಕಾದು ಮಲಗಿದ್ದೆ, ಓರಗಿತ್ತಿ ಮಂಚದ ಅಂಚಿಗೆ ಕೂತು ಹಣೆಗೆ ಅಂಗೈ ಇಟ್ಟಿದ್ದಳು, ಕೆಂಡ ಆಗಿದ್ದೀಯಲ್ಲೇ ಅನ್ನುತ್ತಾ, ನೀನು ಬರೀ ಹೆತ್ತು ಕೊಡು, ಉಳಿದದ್ದೆಲ್ಲ ನಂದು, ಬೈಯೋದು ಮಾತ್ರ ನಿಂಗೆ ಬಿಟ್ಟಿದ್ದೀನಿ ಎಂದು ಐದು ತಿಂಗಳೂ ನಗಿಸಿದವಳು, ಆಸ್ಪತ್ರೆಗೆ ಹೋಗುವಾಗ ರಸ್ತೆಯ ಒಂದೊಂದು ಗುಂಡಿಗೂ ಡ್ರೈವರನಿಗೆ ಶಾಪ ಹಾಕುತ್ತಾ ನನ್ನ ಸೊಂಟ ಹಿಡಿದು ಕೂತವಳು, ಬಾಗಿಲಲ್ಲಿ ಅತ್ತೆ, ಏನಂತೆ ರಿಪೋರ್ಟಲ್ಲಿ, ಉರಿಯೂತ ಅಂತೆ ಅತ್ತೆ, ಉರಿ ಅಂತಾನೇ ಬರ್ದಿದ್ದಾರಾ, ನೋಡ್ದ್ಯಾ, ಡಾಕ್ಟ್ರ ಕಣ್ಣಿಗೇ ಬಿದ್ದಿದೆ ಅಂದ್ಮೇಲೆ ಇನ್ನೇನಿದೆ, ಒಂಬತ್ತು ವರ್ಷದಿಂದ ಬರಿದು ಮಡಿಲು ಇಟ್ಕೊಂಡು ಪಕ್ಕದಲ್ಲೇ ಕೂತಿದ್ರೆ ಹೊಟ್ಟೆ ಉರಿಯದೆ ತಣ್ಣಗಿರುತ್ತಾ — ಒಂದು ವಾಕ್ಯ ಸಾಕಿತ್ತು, ಅದು ಹೊಟ್ಟೆಯುರಿ ಅಲ್ಲ ಅತ್ತೆ, ಕಾಯಿಲೆ, ಅದೂ ನಂದೇ ಮೈದು, ಗಂಟಲಿನವರೆಗೆ ಬಂತು, ಆದರೆ ತಪ್ಪಿಗೆ ಅಷ್ಟು ಹೊತ್ತಿಗೆ ಮುಖವೊಂದು ಸಿಕ್ಕಿತ್ತು, ನನ್ನದಲ್ಲದ ಮುಖ, ಒಂದು ಗಳಿಗೆ ಎದೆಯೊಳಗೆ ತಂಪಾಯಿತು, ಹೌದು, ತಂಪಾಯಿತು, ಸುಳ್ಳೇಕೆ, ನುಂಗಿಕೊಂಡೆ, ಆಗ ಅವಳ ಅಂಗೈ ಹಣೆಯಿಂದ ಎದ್ದಿತು, ಒಂದೇ ಬೆರಳಿನಷ್ಟು ಎತ್ತರಕ್ಕೆ, ಅಲ್ಲೇ ನಿಂತಿತು, ಮತ್ತೆ ಮುಟ್ಟಬಹುದೋ ಬಾರದೋ ಎಂದು ನನ್ನ ಮಾತಿಗೆ ಕಾಯುತ್ತಾ, ಕಾಯುತ್ತಾ.

ಅವರಿಗೇ ಕೊಡಿ ಫೋನು ಎಂದೆ, ಚಪ್ಪಲಿ ಸದ್ದು, ಗಾಡಿಯ ಬಾಗಿಲು, ಹೇಳೇ ಎಂದಳು, ಅಕ್ಕಾ ಅದು ಹೊಟ್ಟೆಯುರಿ ಅಲ್ಲ, ಆ ಪದಕ್ಕೆ ಬೇರೆ ಅರ್ಥ, ಕಾಯಿಲೆ, ನನ್ನವೇ ಕಣಗಳು, ಅತ್ತೆಗೆ ನಾನೇ ಹೇಳ್ತೀನಿ, ಇಳೀರಿ ಗಾಡಿಯಿಂದ, ಹೂಂ ಗೊತ್ತು ಕಣೇ, ಅವತ್ತೇ ರಿಪೋರ್ಟು ನಿಮ್ಮ ಭಾವನ ಕೈಲಿ ಓದಿಸ್ಕೊಂಡೆ, ನಿಂಗೂ ಗೊತ್ತಿತ್ತಲ್ಲ, ಗೊತ್ತಿತ್ತು ಅಕ್ಕಾ, ಹೂಂ, ಅತ್ತೆ ಅಂದಿದ್ದಕ್ಕಲ್ಲ ನಾನು ಹೊರಟಿದ್ದು, ಗಾಡಿಯವನ ಹಾರ್ನ್, ಜ್ವರ ಬಿಡ್ತಾ ಎಂದು ಕೇಳಿದಳು, ಉತ್ತರಕ್ಕೆ ಕಾಯಲಿಲ್ಲ, ಫೋನು ಕಟ್ಟಾಯಿತು, ಮೇಡಂ ಒಳಗಿನಿಂದ ಕರೆಯುತ್ತಿದ್ದಾರೆ, ಕತ್ತರಿಯಣ್ಣ ಏನೋ ಅನ್ನುತ್ತಿದ್ದಾನೆ, ಬಿಡ್ತು ಅಕ್ಕಾ, ಬಿಟ್ಟಿಲ್ಲ ಅಕ್ಕಾ, ಹಣೆ ಮುಟ್ಟಿಕೊಳ್ಳಲು ಕೈ ಎತ್ತಿದರೆ ಅಲ್ಲಿ ಜಾಗವಿಲ್ಲ, ಅಲ್ಲಿ ಆ ಅಂಗೈ, ಒಂದೇ ಬೆರಳಿನಷ್ಟು ಎತ್ತರದಲ್ಲಿ, ಮುಟ್ಟದೆ, ಹಿಂದೆ ಸರಿಯದೆ, ಒಂದೇ ಬೆರಳಿನಷ್ಟು —