ಆರ್ಲೊ ಕಳೆದುಕೊಂಡ ಹೊಟ್ಟೆ

ಅಯೋವಾದ ನಮ್ಮ ಪುಟ್ಟ ಕಾಲೇಜಿನ ಇತಿಹಾಸದಲ್ಲಿ ಬೆಂಕಿ ಬಿದ್ದದ್ದುಂಟು, ನೆರೆ ನುಗ್ಗಿದ್ದುಂಟು, ಅಧ್ಯಕ್ಷರೊಬ್ಬರು ಸಂಗೀತದ ಮೇಡಂ ಜೊತೆ ಓಡಿಹೋದದ್ದೂ ಉಂಟು. ಇವ್ಯಾವುವೂ ಆರ್ಲೊ ಟ್ವೆಡ್ಟ್ ಎಂಬ ಹುಡುಗನ ಹೊಟ್ಟೆ ಕರಗಿದ ಸಂಗತಿಯಷ್ಟು ಗಂಭೀರವಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು.

ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದ ರಕ್ಷಣೆಯ ಹೊಣೆ ಕೋಚ್ ವರ್ಲಿನ್ ಹೌಗನ್ ಅವರದು. ನಾನು ಅವರ ಸಹಾಯಕ. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ನುಗ್ಗುವ ಎದುರಾಳಿಯನ್ನು ತಡೆಯಲು ಅವರ ಬಳಿ ಇದ್ದದ್ದು ಒಂದೇ ವ್ಯೂಹ: ಮುಂದೆ ಮೂವರು, ಹಿಂದೆ ನಾಲ್ವರು. ಮುಂದಿನ ಮೂವರಲ್ಲಿ ನಡುವಿನವನು ಕದಲಬಾರದು. ಇಬ್ಬರು ಒಟ್ಟಿಗೆ ತಳ್ಳಿದರೂ ಬೀರುವಿನಂತೆ ನಿಂತಿರಬೇಕು. ಅವನ ಮರೆಯಿಂದ ಸಣಕಲು ಹುಡುಗರು ಓಡಿಬಂದು ಚೆಂಡು ಹಿಡಿದವನನ್ನು ಕೆಡವಬೇಕು. ಸಣಕಲು ಹುಡುಗರು ನಮ್ಮಲ್ಲಿ ಬೇಕಾದಷ್ಟಿದ್ದರು. ಬೀರು ಒಂದೇ: ಮುನ್ನೂರ ಮೂವತ್ತು ಪೌಂಡಿನ ಆರ್ಲೊ.

ಆಗಸ್ಟಿನಲ್ಲಿ ರಜೆ ಮುಗಿಸಿ ಬಂದವನನ್ನು ಕೋಚ್ ಗುರುತಿಸಲಿಲ್ಲ. "ಯಾರಪ್ಪಾ ನೀನು, ಹೊಸಬನಾ?"

"ನಾನೇ ಕೋಚ್, ಆರ್ಲೊ! ಎಪ್ಪತ್ತು ಪೌಂಡ್ ಇಳಿಸ್ದೆ. ಬ್ರಿಟಾ ದಿನಾ ಓಡೋಕೆ ಕರ್ಕೊಂಡು ಹೋಗ್ತಿದ್ಲು."

"ಸಂತೋಷ," ಎಂದರು ಕೋಚ್, ಸಾವಿನ ಮನೆಯ ದನಿಯಲ್ಲಿ. ಆಮೇಲೆ ನನ್ನ ಕಿವಿಯಲ್ಲಿ, "ಯಾವೋಳಯ್ಯಾ ಈ ಬ್ರಿಟಾ?" ಅವನ ಹೊಸ ಗೆಳತಿಯಂತೆ ಎಂದೆ.

ಸಂಕಟಕ್ಕೆ ಕಾರಣವಿತ್ತು. ಪಕ್ಕದೂರಿನ ಕಾಲೇಜಿಗೆ ನಾವು ವರ್ಷವರ್ಷವೂ ಸೋಲುತ್ತಿದ್ದೆವು. ಈ ಸಲದ ಮೊದಲ ಪಂದ್ಯವೇ ಅವರ ಮೇಲೆ. ಅದನ್ನೂ ಸೋತರೆ ಬೇರೆ ಕೆಲಸ ನೋಡಿಕೊಳ್ಳಿ ಎಂದು ಈಗಿನ ಅಧ್ಯಕ್ಷರು ನಗುನಗುತ್ತಲೇ ಹೇಳಿದ್ದರು.

ಕೋಚ್ ಆರ್ಲೊನನ್ನು ಮನೆಗೆ ಊಟಕ್ಕೆ ಕರೆದರು. ಮಾಂಸ, ಆಲೂಗಡ್ಡೆ, ಚೀಸು ಹಾಕಿ ಬೇಯಿಸಿದ್ದನ್ನು ತಾವೇ ಬಡಿಸತೊಡಗಿದರು. ಮೂರನೇ ಸಲಕ್ಕೆ ಅವರ ಹೆಂಡತಿ ಮಾರ್ಲಿಸ್ ಸೌಟು ಕಿತ್ತುಕೊಂಡರು.

"ವರ್ಲಿನ್, ಅವನೇನು ಸ್ಟೇಟ್ ಫೇರ್ ಜಾತ್ರೆ ಸ್ಪರ್ಧೆಗೆ ಕೊಬ್ಬಿಸ್ತಿರೋ ಹಂದೀನಾ?"

"ಬಹುಮಾನ ಬಂದ್ರೆ ನೀನೇ ಇಟ್ಕೋ. ಸೌಟು ಕೊಡು."

"ಸಾಕು ಕೋಚ್," ಎಂದ ಆರ್ಲೊ. "ಬೆಳಿಗ್ಗೆ ಓಡ್ಬೇಕು."

ಆದರೂ ಅಭ್ಯಾಸದಲ್ಲಿ ಕೋಚ್ ಅವನನ್ನೇ ನಡುವೆ ನಿಲ್ಲಿಸಿದರು. ಇಬ್ಬರು ತಳ್ಳಿದರು, ಆರ್ಲೊ ಅಂಗಾತ ಬಿದ್ದ. ಎದ್ದು ನಿಂತ; ಮತ್ತೆ ಅಂಗಾತ. ಮುಂದಿನ ಸಲ ಅವನಿಗೂ ಬೇಸರ ಬಂದಿರಬೇಕು. ಇಬ್ಬರ ನಡುವಿನ ಸಂದಿಯಲ್ಲಿ ನುಸುಳಿ, ಚೆಂಡು ಹಿಡಿದವನು ತಲೆ ಎತ್ತುವಷ್ಟರಲ್ಲಿ ಅವನನ್ನು ತಬ್ಬಿ ಮಲಗಿಸಿದ.

ಕೋಚ್ ಟೋಪಿಯನ್ನು ನೆಲಕ್ಕೆ ಬಡಿದರು. "ಲೋ, ನಿಲ್ಲೋ ಅಂದ್ರೆ ಓಡ್ತೀಯಾ?"

"ಚೆಂಡು ಹಿಡಿದೋನ್ನ ಕೆಡವ್ದೆ ಕೋಚ್."

"ಅದು ನಿನ್ ಕೆಲಸ ಅಲ್ಲ! ಹಿಂದಿನೋರ್ದು!"

"ಅವರು ಬರೋಷ್ಟರಲ್ಲಿ ಆಗೋಯ್ತು. ಸಾರಿ ಕೋಚ್."

ಮತ್ತೆ ಅದೇ ಆಯಿತು. ಮತ್ತೆ ಆರ್ಲೊ ಕ್ಷಮೆ ಕೇಳಿದ. ಅವನ ತಪ್ಪುಗಳೆಲ್ಲ ಬಂದು ಬೀಳುತ್ತಿದ್ದದ್ದು ನಮ್ಮದೇ ಚೆಂಡೆಸೆಯುವ ಹುಡುಗನ ಮೇಲೆ. ಅವನು ಹುಲ್ಲಿನಲ್ಲಿ ಮಲಗಿಕೊಂಡೇ ಕೂಗಿದ: "ಕೋಚ್, ಅವನಿಗೆ ಇನ್ನೂ ಸ್ವಲ್ಪ ಜೋರಾಗಿ ಬಯ್ರಿ. ನನ್ ಪಕ್ಕೆ ಮುರೀತಿದೆ."

ಕೋಚ್ ಟೋಪಿ ಎತ್ತಿಕೊಂಡು, ಇಲ್ಲದ ಧೂಳನ್ನು ಬಹಳ ಹೊತ್ತು ಕೊಡವಿದರು.

"ಮುಂದೆ ನಾಲ್ವರು ನಿಲ್ರೋ," ಎಂದರು ಕೊನೆಗೆ. "ಎಲ್ಲಾ ಸಣಕಲರೇ ಇರ್ಲಿ. ಯಾರೂ ತಡ್ಕೊಂಡು ನಿಲ್ಲೋದು ಬೇಡ. ತಲೆಗೊಂದು ಸಂದಿ, ನುಗ್ಗಿ." ಮತ್ತೆ ನನ್ನತ್ತ ಬಾಗಿ, "ಇದು ನನ್ ಹಳೇ ವ್ಯೂಹಾನೇ. ಒಂಚೂರು ತಿದ್ದಿದೀನಿ ಅಷ್ಟೇ. ಕೇಳ್ದೋರ್ಗೆ ಹಾಗೇ ಹೇಳು."

"ಆಗ್ಲಿ ಕೋಚ್," ಎಂದೆ.

ಪಕ್ಕದೂರಿನವರ ಮೇಲೆ ನಾವು ಹತ್ತು-ಏಳರಿಂದ ಗೆದ್ದೆವು. ಕೋಚ್ ಹೌಗನ್ ಅವರ ಕೆಲಸ ಉಳಿಯಿತು.